ಕುರಿಯ ಕಾರ್ಡು, ಮೊಮ್ಮಗನ ಸೂಜಿ

ಲಸಿಕೆ ಕಾರ್ಡನ್ನು ಬೆಳಕಿಗೆ ಹಿಡಿದು ನೋಡುವ ಚಟ ನನಗೆ ಹುಟ್ಟಿನಿಂದ ಬಂದದ್ದಲ್ಲ. ಬಾಗಲಕೋಟೆಯ ನವನಗರದಲ್ಲಿ ನನ್ನ ಹೆಂಡತಿ ಡೇ ಕೇರ್ ತೆರೆದ ಮೇಲೆ ಹತ್ತಿಕೊಂಡದ್ದು. ಮಕ್ಕಳನ್ನು ಅವಳು ನೋಡಿಕೊಳ್ಳುತ್ತಾಳೆ, ಕಾಗದಗಳನ್ನು ನಾನು. ಮಕ್ಕಳು ಅಳುತ್ತವೆ, ಕಾಗದಗಳು ಸುಳ್ಳು ಹೇಳುತ್ತವೆ. ಲಸಿಕೆಯ ಕಾರ್ಡು ಸರಿ ಇಲ್ಲದ ಕೂಸು ಹೊಸ್ತಿಲು ದಾಟುವಂತಿಲ್ಲ ಎಂಬುದು ನನ್ನ ಒಂದೇ ನಿಯಮ. ಆ ಒಂದರಿಂದಲೇ ವಾರಕ್ಕೊಂದಾದರೂ ಪ್ರಸಂಗ ತಪ್ಪಿದ್ದಿಲ್ಲ.

೧. ಒಂದೇ ಪೆನ್ನು

ಇಳಕಲ್ ಕಡೆಯ ದಂಪತಿ ಮಗಳ ಕಾರ್ಡು ತಂದರು. ಹುಟ್ಟಿದ ದಿನದಿಂದ ಹದಿನಾರು ತಿಂಗಳವರೆಗೆ ಎಲ್ಲವೂ ಭರ್ತಿ. ಒಂದೇ ನೀಲಿ ಪೆನ್ನು, ಒಂದೇ ಕೈ, ಅಕ್ಷರಗಳೆಲ್ಲ ಒಂದೇ ಕಡೆಗೆ ವಾಲಿವೆ.

"ಇಷ್ಟೂ ಒಬ್ಬರ ಬರದಾರೇನ್ರಿ?" ಎಂದು ಕೇಳಿದೆ.

"ಹೌದ್ರಿ ಸರ್," ಎಂದ ಗಂಡ. "ನಮ್ಮಲ್ಲಿ ಸಿಸ್ಟರ್ ಒಬ್ಬಾಕೀನ ಅದಾಳ."

"ಪೆನ್ನೂ ಒಂದ?"

"ಭಾಳ ಜೋಪಾನದಾಕಿ ರಿ."

ಒಂದು ತಾರೀಖಿನ ಮೇಲೆ ಬೆರಳಿಟ್ಟೆ. "ಆಗಸ್ಟ್ ಹದಿನೈದು. ಅವತ್ತು ದವಾಖಾನಿ ತೆರೆದಿತ್ತೇನು?"

ಆತ ಕಣ್ಣು ಮಿಟುಕಿಸಲಿಲ್ಲ. "ಝಂಡಾ ಏರಿಸಿ, ಪೇಡೆ ಹಂಚಿ, ಆಮ್ಯಾಲೆ ಹಾಕ್ಯಾರ್ರಿ."

"ಮತ್ತ ಇದು, ಜನವರಿ ಇಪ್ಪತ್ತಾರು?"

"ಅವತ್ತೂ ಝಂಡಾ ಇತ್ತಲ್ರಿ."

ಕಾರ್ಡು ವಾಪಸ್ ಕೊಟ್ಟೆ. ಇಬ್ಬರೂ ಎದ್ದು ಹೋದರು. ಗೇಟು ದಾಟುವಾಗ ಆತ ಹೆಂಡತಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಕ್ಯಾಲೆಂಡರ್ ಮುಂದ ಇಟ್ಕೊಂಡು ಬರಿ ಅಂತ ಬಡ್ಕೊಂಡೆ ನಿನಗ!"

೨. ತಿದ್ದದ ಕಾರ್ಡು

ಒಂದು ಗುರುವಾರ ಹುನಗುಂದ ತಾಲ್ಲೂಕಿನ ಹಳ್ಳಿಯಿಂದ ಒಬ್ಬಳು ತರುಣಿ ಬಂದಳು. ಕಂಕುಳಲ್ಲಿ ಹದಿನಾಲ್ಕು ತಿಂಗಳ ಗಂಡು ಕೂಸು. ಅವಳಿಗೆ ಇಲ್ಲಿಯ ಒಂದು ಕಾಲೇಜಿನ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿತ್ತು. ಗಂಡ ಇಳಕಲ್ಲಿನ ಕಲ್ಲಿನ ಫ್ಯಾಕ್ಟರಿಯಲ್ಲಿ, ಅತ್ತೆ ಇಲ್ಲ, ಕೂಸನ್ನು ನೋಡುವವರು ಯಾರೂ ಇಲ್ಲ.

ಕಾರ್ಡು ತೆರೆದೆ. ಎರಡೂವರೆ ತಿಂಗಳವರೆಗೆ ಸಾಲುಗಳು ತುಂಬಿದ್ದವು. ಮುಂದೆ ಬಯಲು. ಒಂದು ಗೀರಿಲ್ಲ, ಒಂದು ತಿದ್ದುಪಡಿ ಇಲ್ಲ. ತಿದ್ದಿದ ಕಾರ್ಡು ಕಂಡರೆ ನನಗೆ ಅನುಮಾನ. ತಿದ್ದದ ಕಾರ್ಡು ಕಂಡರೆ ಇನ್ನೂ ದೊಡ್ಡ ಅನುಮಾನ.

"ಇದ್ಯಾಕವಾ ಖಾಲಿ?"

"ಎರಡನೇ ಸೂಜಿಗೆ ಒಂದ್ ರಾತ್ರಿ ಜ್ವರ ಬಂತ್ರಿ ಸರ್. ನಮ್ಮ ಮಾವಾರು, 'ಆರಾಮ ಇದ್ದ ಕೂಸಿಗೆ ಜಡ್ಡು ತರೂ ಔಷಧಿ ಎಂಥಾದ್ದು' ಅಂತ ಅಲ್ಲಿಗೇ ನಿಲ್ಲಿಸಿಬಿಟ್ರು."

"ಹಾಕಿಸ್ಕೊಂಡು ಬಾ. ಒಮ್ಮೆಲೇ ಪೂರ್ತಿ ಆಗದಿದ್ರ ಬ್ಯಾಡ, ಶುರುವಾದರೂ ಆಗಿರಬೇಕು. ಮುಂದಿನ ತಾರೀಖು ಸಿಸ್ಟರ್ ಕೈಲೇ ಬರೆದಿರಬೇಕು."

"ಸೋಮವಾರ ಹತ್ತಕ್ಕ ಹಾಜರಾಗಬೇಕ್ರಿ. ತಪ್ಪಿದ್ರ ಪಟ್ಟಿಯೊಳಗಿನ ಮುಂದಿನ ಹೆಸರಿಗೆ ಕೊಡ್ತಾರಂತ." ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಶನಿವಾರ ಲಸಿಕೆ ದಿನ ಐತಿ," ಎಂದೆ.

"ಮಾವಾರಿಗೆ ಹೇಳೂರು ಯಾರ್ರಿ?"

ಒಳಗಿಂದ ನನ್ನ ಹೆಂಡತಿ ಕೂಗಿದಳು: "ಇಲ್ಲಿಗೆ ಕಳಿಸವಾ ಅವರನ್ನ. ಇವರ ಸಂಗಡ ಅರ್ಧ ತಾಸು ಕುಂತ್ರ ಸೂಜಿನ ಚಲೋ ಅನಸ್ತೈತಿ!"

೩. ನಲವತ್ತು ಕುರಿ

ಶುಕ್ರವಾರ ಅವಳ ಮಾವ ಬಂದರು. ತಲೆಗೆ ರುಮಾಲು, ಹೆಗಲಿಗೆ ಕಂಬಳಿ, ಹಣೆಗೆ ಬೀರಪ್ಪನ ಭಂಡಾರದ ಅರಿಶಿನ. ಕೂರಲಿಲ್ಲ. ಮೇಜಿನ ಮೇಲೆ ಒಂದು ಮಡಚಿದ ಕಾರ್ಡು ಇಟ್ಟರು. ಎಲ್ಲ ಸಾಲೂ ಭರ್ತಿ, ಪ್ರತಿ ಸಾಲಿಗೂ ಮುದ್ರೆ, ಪೆನ್ನುಗಳೂ ಬೇರೆ ಬೇರೆ. ಇಂಥ ಚೊಕ್ಕ ಕಾರ್ಡನ್ನು ನಾನು ಆವರೆಗೆ ಕಂಡಿರಲಿಲ್ಲ. ಕಾರ್ಡಿನ ತಲೆಬರಹ ನೋಡಿದೆ: ಪಶು ಆಸ್ಪತ್ರೆ. ಕುರಿ, ನಲವತ್ತು.

"ಅಜ್ಜಾರ, ಇದು ಕುರಿದು."

"ಗೊತ್ತೈತ್ರಿ. ನಾ ಔಷಧಿ ಹಾಕಿಸದ ಮನಷ್ಯಾ ಅಂತ ನೀವು ತಿಳಿಬಾರದು ನೋಡ್ರಿ, ಅದಕ್ಕ ತಂದೇನಿ. ಒಂದ ಒಂದು ಕುರಿದು ತಪ್ಪಿಲ್ಲ."

"ನಲವತ್ತು ಕುರಿಗೆ ತಪ್ಪಿಲ್ಲ. ಮೊಮ್ಮಗಗ ಮಾತ್ರ ತಪ್ಪೈತಿ!"

"ಅವಾ ಒಬ್ಬ ಅದಾನ್ರಿ. ಕುರಿ ಹಿಂಡಿನ್ಯಾಗ ಇರ್ತಾವು. ಒಂದಕ್ಕ ಬಂದ್ರ ನಲವತ್ತಕ್ಕೂ ಬಡಿತೈತಿ."

ಎದ್ದು ಒಳಗಿನ ಬಾಗಿಲು ತೆರೆದೆ. ಹದಿನೆಂಟು ಮಕ್ಕಳು ಒಂದೇ ಜಮಖಾನೆಯ ಮೇಲೆ. ಒಂದು ಸೀನುತ್ತಿತ್ತು, ಒಂದು ಪಕ್ಕದ ಕೂಸಿನ ಬಿಸ್ಕತ್ತು ಚೀಪುತ್ತಿತ್ತು, ಮತ್ತೊಂದು ಪಕ್ಕದ ಕೂಸನ್ನೇ ಚೀಪುತ್ತಿತ್ತು.

ಅಜ್ಜ ಬಾಗಿಲಲ್ಲಿ ನಿಂತು ಬೆರಳು ಮಡಚಿ ಎಣಿಸಿದರು. ಮುಖದ ಬಣ್ಣ ಬದಲಾಯಿತು.

"ಸಾಹೇಬ್ರ, ಇದು ಹಿಂಡ ಐತಲ್ರಿ!"

"ಅದನ್ನ ಹೇಳಾಕತ್ತೇನಿ."

"ಔಷಧಿ ಆಗದ್ದನ್ನ ಹಿಂಡಿಗೆ ಬಿಟ್ರ ನಾಳಿ ನನ್ನ ಮುಖಕ್ಕ ಉಗುಳ್ತಾರ ಮಂದಿ. ಸೊಸಿ ಹಾಂಗ ತಂದು ಬಿಡಾಕ ಬಂದಿದ್ಲೇನ?"

"ಹೌದು."

"ನೀವರ ಯಾಕ ಸುಮ್ನ ಮಾತಾಡಿ ಕಳಿಸಿದ್ರಿ? ಬೈಯಬೇಕಿಲ್ಲೇನು!"

೪. ಮೊದಲು ನೀವು

ಶನಿವಾರ ಆರೋಗ್ಯ ಕೇಂದ್ರಕ್ಕೆ ನಾನೂ ಹೋದೆ. ಕಾರ್ಡಿನ ಮೇಲೆ ಸಿಸ್ಟರ್ ಬರೆಯುವುದನ್ನು ಕಣ್ಣಾರೆ ನೋಡಬೇಕಿತ್ತು. ಅಜ್ಜ ನನಗಿಂತ ಮೊದಲೇ ಬಂದು ಸಿಸ್ಟರ್ ಮುಂದೆ ನಿಂತಿದ್ದರು.

"ಡಬ್ಬಿ ತೆಗಿ ತಂಗಿ. ಬರ್ಫ ಐತೇನು ನೋಡ್ತೇನಿ. ಬೆಚ್ಚಗಾದ ಔಷಧಿ ನೀರಿದ್ದಂಗ."

ಸಿಸ್ಟರ್ ಡಬ್ಬಿ ತೆರೆದು ತೋರಿಸಿದಳು. ಕಾರ್ಡು ನೋಡಿ, "ಮೊದಲಿಂದ ಶುರು ಮಾಡೂದು ಬ್ಯಾಡ. ಎಲ್ಲಿ ಬಿಟ್ಟೀರಿ ಅಲ್ಲಿಂದ ಹಾಕ್ತೀವಿ. ಮುಂದಿನ ತಾರೀಖು ತಪ್ಪಿಸಬ್ಯಾಡ್ರಿ," ಎಂದಳು. ತರುಣಿ ಮಾವನ ಮುಖ ನೋಡುತ್ತ ಕೂಸಿನ ತೋಳು ಮುಂದೆ ಮಾಡಿದಳು.

"ತಡಿ," ಎಂದು ಅಜ್ಜ ಸೊಸೆಯ ಕೈ ಹಿಡಿದರು. ನನ್ನ ಕಡೆ ತಿರುಗಿ, "ಮೊದಲು ನೀವು," ಎಂದರು.

"ನನಗ್ಯಾಕ?"

"ನಿಯಮ ಮಾಡಿದವ್ರು ನೀವಲ್ರಿ."

ಆ ಬೆಳಿಗ್ಗೆ ಗೇಟಿನ ತುಕ್ಕು ತಂತಿ ನನ್ನ ಬೆರಳು ಗೀರಿತ್ತು. ಅದಕ್ಕೆ ಸುತ್ತಿದ್ದ ಬಟ್ಟೆ ಸಿಸ್ಟರ್ ಕಣ್ಣಿಗೆ ಬಿತ್ತು. "ಇದಕ್ಕ ಇಂಜೆಕ್ಷನ್ ಬೇಕ ಬೇಕ್ರಿ. ಹಿಂದಿಂದು ಯಾವಾಗ ತಗೊಂಡೀರಿ?"

"ತಗೊಂಡೇನಿ, ಯಾವಾಗೋ."

"ಕಾರ್ಡು?" ಎಂದರು ಅಜ್ಜ.

ಸಾಲಿನಲ್ಲಿ ನಿಂತ ತಾಯಂದಿರೆಲ್ಲ ನನ್ನನ್ನೇ ನೋಡುತ್ತಿದ್ದರು. ಅಂಗಿಯ ತೋಳು ಮಡಚಿದೆ. ಚುಚ್ಚಿಸಿಕೊಂಡ ಮೇಲೆ ಅಜ್ಜ ನನ್ನ ಮುಖವನ್ನು ಎಡದಿಂದ, ಬಲದಿಂದ ಪರೀಕ್ಷೆ ಮಾಡಿ ಸೊಸೆಗೆ ತಲೆಯಾಡಿಸಿದರು. ಮೊಮ್ಮಗ ಒಮ್ಮೆ ಕಿರುಚಿ ಸುಮ್ಮನಾದ. ಸಿಸ್ಟರ್ ಮುಂದಿನ ತಾರೀಖು ಬರೆದಳು, ಕಪ್ಪು ಪೆನ್ನಿನಲ್ಲಿ.

ಭಾನುವಾರ ಮಧ್ಯಾಹ್ನ ಅಜ್ಜ ಮನೆಗೇ ಬಂದರು. ನಾನು ಚಾದರ ಹೊದ್ದು ಮಲಗಿದ್ದೆ.

"ಮೊಮ್ಮಗ ಆರಾಮ ಅದಾನ್ರಿ. ನಿಮಗ ಜ್ವರ ಬಂತೇನು?"

"ಬಂದೈತಿ," ಎಂದು ನರಳಿದೆ.

ಅವರಿಗೆ ಸಮಾಧಾನವಾಯಿತು. "ಹಂಗಾರ ಔಷಧಿ ಖರೇದು."

೫. ಸೋಮವಾರ

ಸೋಮವಾರ ಒಂಬತ್ತೂವರೆಗೆ ತರುಣಿ ಬಂದಳು, ಹಿಂದೆಯೇ ಅಜ್ಜ. ನಾನು ಕಾರ್ಡು ಬೆಳಕಿಗೆ ಹಿಡಿದೆ, ತಿರುಗಿಸಿದೆ, ಮತ್ತೊಮ್ಮೆ ಹಿಡಿದೆ. ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು. ಸಹಿ ಹಾಕಿದೆ. ಕೂಸನ್ನು ನನ್ನ ಹೆಂಡತಿಯ ಕೈಗಿಟ್ಟು, ಕಣ್ಣೊರೆಸಿಕೊಂಡು ಅವಳು ಆಟೋ ಕಡೆಗೆ ಓಡಿದಳು. ಹತ್ತಕ್ಕೆ ಐದು ನಿಮಿಷ ಇರುವಾಗಲೇ ಹಾಜರಿ ಹಾಕಿದೆ ಎಂದು ಫೋನು ಬಂತು.

ಕೂಸಿನ ಅಂಗಿಯ ಬೆನ್ನಿಗೆ ಹೆಬ್ಬೆರಳಗಲದ ಕೆಂಪು ಬಣ್ಣ ಇತ್ತು.

"ಇದೇನ್ರಿ ಅಜ್ಜಾರ?"

ಅಜ್ಜ ಕಂಬಳಿಯ ಮರೆಯಿಂದ ಸಣ್ಣ ಡಬ್ಬಿ ತೋರಿಸಿದರು. "ಔಷಧಿ ಆದ ಕುರಿಗೆ ನಾವು ಗುರ್ತು ಹಚ್ಚತೇವ್ರಿ, ಇಲ್ಲಂದ್ರ ಯಾವುದು ಆಗೈತಿ ಯಾವುದು ಬಿಟ್ಟೈತಿ ತಿಳಿಯಂಗಿಲ್ಲ."

"ಅದಕ್ಕ ಕಾರ್ಡು ಐತಲ್ಲ?"

"ಕಾಗದ ನಂಬೂದು ಸಾಲಿ ಕಲಿತವ್ರು. ನಾ ಕಣ್ಣಾರೆ ನೋಡಿದ್ದಕ್ಕ ಅಷ್ಟ ಹಚ್ಚತೇನಿ." ಉಳಿದ ಹದಿನೆಂಟು ಮಕ್ಕಳ ಕಡೆ ಒಂದು ಸಂಶಯದ ನೋಟ ಬೀರಿ, "ಇವನ್ನ ನಾ ನೋಡಿಲ್ಲ," ಎಂದರು. ಆಮೇಲೆ ನನ್ನ ಬೆನ್ನು ತಟ್ಟಿ, "ನೀವು ಭಾಳ ಖಡಕ್ ಮನಷ್ಯಾರು. ಬರ್ತೇನ್ರಿ," ಎಂದು ಹೊರಟರು.

ಅವರು ಕಡೆಗೂ ನನ್ನನ್ನು ಒಪ್ಪಿಕೊಂಡರಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಬ್ಯಾಂಕಿಗೆ ಹೋಗಿ ಬಂದೆ, ಪೋಸ್ಟ್ ಆಫೀಸಿಗೆ ಹೋಗಿ ಬಂದೆ. ಎಲ್ಲ ಕಡೆ ಜನ ನನಗೆ ದಾರಿ ಬಿಟ್ಟರು.

ಸಂಜೆ ಮಕ್ಕಳನ್ನು ಒಯ್ಯಲು ಪಾಲಕರು ಬಂದಾಗ ಗುಸುಗುಸು ಶುರುವಾಯಿತು. ಒಬ್ಬ ತಂದೆ ಧೈರ್ಯ ಮಾಡಿ ಮುಂದೆ ಬಂದ. ಹೊಸ ಕೂಸಿನ ಬೆನ್ನು ನೋಡಿದ, ನನ್ನ ಬಿಳಿ ಅಂಗಿಯ ಬೆನ್ನು ನೋಡಿದ, ಕೈ ಮುಗಿದ.

"ಸರ್, ಇದು ನಾಳಿಂದ ಎಲ್ಲಾರಿಗೂ ಕಡ್ಡಾಯ ಏನ್ರಿ? ನಮ್ಮ ಹುಡುಗಗ ಕೆಂಪು ಬಣ್ಣ ಆಗಿ ಬರಂಗಿಲ್ಲ. ಹಸಿರು ಹಚ್ಕೊಂಡು ಬಂದ್ರ ನಡಿತೈತೇನು, ಇಲ್ಲ ಅದಕ್ಕೂ ಅರ್ಜಿ ಕೊಡಬೇಕ್ರಿ?"