ಬಚ್ಚಲುಮನೆಯಲ್ಲಿ ಕೂಗಿದ ಕಾಡುಹುಂಜ

ಕಾಡುಹುಂಜವನ್ನು ಕೂಗಿ ಕರೆಯುವುದು ಬಹಳ ಸುಲಭ. ಒಂದು ಗಂಟಲಿದ್ದರೆ ಸಾಕು. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದ ಆ ಕಾಲದಲ್ಲಿ ಇದು ನನ್ನ ದೃಢವಾದ ನಂಬಿಕೆಯಾಗಿತ್ತು.

ನಾನಾಗ ಒಂದು ಕಚೇರಿಯಲ್ಲಿ ಗುಮಾಸ್ತ. ಊರಿಂದ ಬಂದಿದ್ದ ನನ್ನ ಮಾವ ಊಟ ಮಾಡುತ್ತಾ ತಮ್ಮ ದುಃಖ ತೋಡಿಕೊಂಡರು.

"ಗುಡ್ಡದ ಮಗ್ಗುಲಲ್ಲಿ ಒಂದು ಕಾಡುಹುಂಜ ಅದೆ ಅಳಿಯಂದ್ರೇ. ಯಾರು ಕೂಗಿದ್ರೂ ಈಚೆಗೆ ಬರಾಕಿಲ್ಲ. ಭಾರಿ ಅನುಮಾನದ ಪ್ರಾಣಿ!"

"ಹೊಸತೊಡಕಿಗೆ ನಾನು ಬಂದು ಕರೀತೀನಿ ಮಾವ. ನೀವು ಕೋವಿ ಹಿಡ್ಕೊಂಡು ಕೂತಿರಿ, ಸಾಕು" ಎಂದುಬಿಟ್ಟೆ.

ಮಾವ ನನ್ನನ್ನೇ ದಿಟ್ಟಿಸಿದರು. ಆ ನೋಟದಲ್ಲಿ ನಂಬಿಕೆ ಇರಲಿಲ್ಲ.

ಯುಗಾದಿಯ ಮರುದಿನದ ಹೊಸತೊಡಕಿಗೆ ಮಾಂಸದೂಟವಾಗಲೇಬೇಕು. ಅದಕ್ಕೆ ಅಳಿಯನೇ ಕರೆದ ಹುಂಜ! ನನ್ನ ಮರ್ಯಾದೆ ಎಲ್ಲಿಗೇರುತ್ತದೆಂದು ಲೆಕ್ಕ ಹಾಕುತ್ತಾ ಮಾರನೆಯ ಬೆಳಿಗ್ಗೆಯೇ ಅಭ್ಯಾಸಕ್ಕೆ ನಿಂತೆ. ನಿಂತ ಜಾಗ, ನಮ್ಮ ಬಚ್ಚಲುಮನೆ.

ಇಲ್ಲಿ ನಮ್ಮ ಮನೆಯ ಯಜಮಾನರ ವಿಷಯ ಹೇಳಬೇಕು. ಕುಂಬಾರಕೊಪ್ಪಲಿನ ಆ ಮನೆಯ ಮುಂಭಾಗದಲ್ಲಿ ಅವರು, ಹಿಂಭಾಗದಲ್ಲಿ ನಾವು. ಶಿವಬಸಪ್ಪನವರು ಲಿಂಗಪೂಜೆಯಾಗದೆ ತೊಟ್ಟು ನೀರೂ ಮುಟ್ಟುವವರಲ್ಲ. "ಹೊರಗೆ ನೀವು ಏನಾದ್ರೂ ತಿನ್ನಿ ಗೌಡ್ರೇ. ಈ ಹೊಸ್ತಿಲೊಳಗೆ ಮೊಟ್ಟೆ ಕೂಡ ಬರಬಾರದು" ಎಂಬ ಕರಾರಿನ ಮೇಲೆ ಮನೆ ಕೊಟ್ಟಿದ್ದರು. ಕೊಟ್ಟ ದಿನದಿಂದ ಅವರಿಗೆ ಅನುಮಾನ. ನನ್ನ ಹೆಂಡತಿ ಜಯಮ್ಮ ಈರುಳ್ಳಿ ಹುರಿದರೆ ಸಾಕು, ಕಿಟಕಿಯಾಚೆ ಅವರ ಮೂಗು ಹಾಜರು!

"ಏನಡಿಗೆ ಗೌಡ್ರೇ?"

"ಹುರುಳಿಕಾಳಿನ ಬಸ್ಸಾರು, ಸ್ವಾಮಿ."

"ವಾಸನೆ ಸ್ವಲ್ಪ ಜೋರಾಗಿದೆ."

ನನ್ನ ತಂತ್ರ ಮೂರು ಅಂಗಗಳದ್ದು. ಹುಂಜ ಕೂಗುವ ಮುಂಚೆ ರೆಕ್ಕೆ ಬಡಿಯುತ್ತದಲ್ಲವೇ? ಅದಕ್ಕೆ ಒದ್ದೆ ಟವೆಲಿನಿಂದ ತೊಡೆಗೆ ಪಟಪಟನೆ ಹೊಡೆದುಕೊಳ್ಳುವುದು. ಆಮೇಲೆ ಅಂಗೈ ಬಾಯಿಗಿಟ್ಟು "ಕ್ಕಾ-ಕಯ್ಯಾ-ಕ್ಕು-ಕ್ಕು!" ಕೊನೆಗೆ, ಹೇಂಟೆ ಮೇಯುತ್ತಿರುವಂತೆ ತರಗೆಲೆಯನ್ನು ಬೆರಳಿನಿಂದ ಕೆದಕುವುದು.

ಬಾಗಿಲಾಚೆಯಿಂದ ಜಯಮ್ಮನ ದನಿ ಬಂತು. "ಏನ್ರೀ, ಹೊಟ್ಟೆ ಸರಿಯಿಲ್ವಾ?"

ಮಧ್ಯಾಹ್ನ ಶಿವಬಸಪ್ಪನವರು ಬಂದರು.

"ಒಳಗೆ ಕೋಳಿ ಕೂಗಿದ ಹಾಗಾಯ್ತಲ್ಲ ಗೌಡ್ರೇ?"

"ಹಿಂದಿನ ಬೀದಿ ನಿಂಗಮ್ಮನ ಹುಂಜ ಇರಬೇಕು, ಸ್ವಾಮಿ."

"ಅದರ ದನಿ ನನಗೆ ಗೊತ್ತು. ಇದು ಬೇರೆ. ಸ್ವಲ್ಪ ಒಡಕು."

ಒಡಕಂತೆ! ಆದರೂ ನುಂಗಿಕೊಂಡೆ. ಕೋಳಿ ಹೊಡೆಯಲು ಅಭ್ಯಾಸ ಮಾಡುತ್ತಿದ್ದೇನೆಂದು ಆ ಶರಣರ ಮುಂದೆ ಹೇಳುವುದು ಹೇಗೆ? ಮಾಂಸ ತಿನ್ನುವವರಿಗೆ ಇನ್ನೊಂದು ಬಾಡಿಗೆ ಮನೆ ಸಿಗುವುದಾದರೂ ಎಲ್ಲಿ? ಅಷ್ಟರಲ್ಲಿ ಅವರು ಬಚ್ಚಲಿಗೆ ಇಣುಕಿದರು. ಮೂಲೆಯಲ್ಲಿ ತರಗೆಲೆಯ ರಾಶಿ. ಥೇಟ್ ಕೋಳಿಗೂಡು!

"ಹಂಡೆ ಒಲೆ ಹೊತ್ತಿಸಾಕೆ ಸ್ವಾಮಿ" ಎಂದಳು ಜಯಮ್ಮ. ಅವರು ತಲೆಯಾಡಿಸಿದರು. ನಂಬಿದ ತಲೆ ಹಾಗೆ ಆಡುವುದಿಲ್ಲ.

ಮರುದಿನ ಬೆಳಿಗ್ಗೆ ಅವರು ಬಚ್ಚಲ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದರಂತೆ. ನನಗೇನು ಗೊತ್ತು? ಒಡಕು ಎಂಬ ಟೀಕೆಗೆ ಉತ್ತರವಾಗಿ ಒಳಗಿನಿಂದ ನನ್ನ ಜೀವಮಾನದ ಅತ್ಯುತ್ತಮ ಕೂಗನ್ನು ಕೂಗಿದೆ!

ಅದಕ್ಕೆ ಕೂಡಲೇ ಫಲ ಸಿಕ್ಕಿತು. ತನ್ನ ಸರಹದ್ದಿನೊಳಗೆ ಇನ್ನೊಬ್ಬ ಗಂಡು ಬಂದನೆಂದು ರೊಚ್ಚಿಗೆದ್ದ ನಿಂಗಮ್ಮನ ಹುಂಜ ಗೋಡೆ ಹಾರಿತು. ಅದೇ ಹೊತ್ತಿಗೆ ಶಿವಬಸಪ್ಪನವರು ಬಾಗಿಲು ತಳ್ಳಿದರು. ಹುಂಜ ಅವರ ಕಾಲುಗಳ ನಡುವೆ ನುಗ್ಗಿ ಒಳಕ್ಕೆ ಬಂತು.

ಈಗ ಬಚ್ಚಲಲ್ಲಿ ಒದ್ದೆ ಟವೆಲಿನ ನಾನು, ತರಗೆಲೆ, ಮತ್ತು ಒಂದು ಹುಂಜ!

"ಸಿಕ್ತು!" ಎಂದರು ಶಿವಬಸಪ್ಪನವರು.

"ಅಯ್ಯೋ, ನನ್ನ ಹುಂಜ ಕದ್ದು ಬಚ್ಚಲಲ್ಲಿ ಮಡಿಕಂಡವ್ರೆ ಕಣ್ರಪ್ಪೋ!" ಹುಂಜದ ಹಿಂದೆಯೇ ಓಡಿಬಂದ ನಿಂಗಮ್ಮ ಬೊಬ್ಬೆ ಹಾಕಿದಳು. ಬೀದಿಯವರೆಲ್ಲ ಸೇರಿದರು. ಕಳ್ಳನೆಂಬ ಹೆಸರು, ಬೀದಿಪಾಲಾಗುವ ಸಂಸಾರ, ಎರಡೂ ಒಟ್ಟಿಗೆ ಕಣ್ಣಮುಂದೆ ಬಂದವು.

"ಕೂಗಿದ್ದು ಹುಂಜ ಅಲ್ಲ, ನಾನು!" ಎಂದು ಅರಚಿದೆ.

ಯಾರೂ ನಂಬಲಿಲ್ಲ. "ಎಲ್ಲಿ, ಕೂಗಿ ನೋಡೋಣ" ಎಂದರು ಶಿವಬಸಪ್ಪನವರು.

ಬೇರೆ ದಾರಿ ಇರಲಿಲ್ಲ. ಅಂಗಳದ ಮಧ್ಯೆ ನಿಂತು, ನೆರೆದ ಮಹಾಜನರ ಸಮಕ್ಷಮ ತೊಡೆ ಬಡಿದುಕೊಂಡು ಕೂಗಿದೆ. "ಕ್ಕಾ-ಕಯ್ಯಾ-ಕ್ಕು-ಕ್ಕು!" ನಿಂಗಮ್ಮನ ಕಂಕುಳಲ್ಲಿದ್ದ ಹುಂಜ ಚಂಗನೆ ಹಾರಿ ನನ್ನ ಮೊಣಕಾಲು ಕುಕ್ಕಿತು. ಕಳ್ಳತನದ ಆರೋಪ ಅಲ್ಲಿಗೇ ವಜಾ! ಜಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು.

ಶಿವಬಸಪ್ಪನವರು ಒಮ್ಮೆ ಹುಂಜವನ್ನೂ ಒಮ್ಮೆ ನನ್ನನ್ನೂ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. "ಕೋಳಿ ಸಾಕೋರನ್ನಾದ್ರೆ ಮನೆ ಬಿಡಿ ಅನ್ನಬಹುದು ಗೌಡ್ರೇ. ತಾವೇ ಕೋಳಿ ಆಗಿರೋರಿಗೆ ಏನನ್ನಬೇಕೋ ನನಗೆ ತಿಳೀತಿಲ್ಲ."

ಮನೆ ಉಳಿಯಿತು. ಮಾನ ಹೋಯಿತು.

ಆದರೂ ಒಳಗೊಳಗೇ ಹಿಗ್ಗು. ಒಂದು ಅಸಲಿ ಹುಂಜವೇ ನನ್ನನ್ನು ನಂಬಿತ್ತಲ್ಲ! ಆ ಹೆಮ್ಮೆಯಲ್ಲೇ ಹೊಸತೊಡಕಿನ ದಿನ ಹೊತ್ತು ಮೂಡುವಾಗ ಗುಡ್ಡದ ಲಂಟಾನ ಪೊದೆಯಲ್ಲಿ ಕುಳಿತೆ. ಮಾವ ಕೋವಿ ಹಿಡಿದು ನನ್ನ ಬೆನ್ನ ಹಿಂದೆ ನಾಲ್ಕು ಮಾರು ದೂರದಲ್ಲಿ, ಬಂಡೆಯ ಮರೆಯಲ್ಲಿದ್ದರು. ನಾನು ಕೂಗಿದೆ. ದೂರದಿಂದ ಉತ್ತರ ಬಂತು! ಸಂಭ್ರಮ ತಡೆಯಲಾರದೆ ಮತ್ತೆ ಕೂಗಿದೆ, ಮತ್ತೆ ಮತ್ತೆ ಕೂಗಿದೆ.

"ಸುಮ್ಕಿರಿ ಅಳಿಯಂದ್ರೇ, ಯಾವ ಹುಂಜ ಅಷ್ಟೊಂದು ಮಾತಾಡ್ತದೆ?" ಎಂದು ಮಾವ ಪಿಸುಗುಟ್ಟಿದರು.

ಕಾಡೆಲ್ಲ ನಿಶ್ಶಬ್ದ. ಮುಂದಿನ ಪೊದೆಗಳನ್ನು ಎವೆಯಿಕ್ಕದೆ ನೋಡುತ್ತಾ ಕುಳಿತೆ. ಬಹಳ ಹೊತ್ತಾದ ಮೇಲೆ ಮಾವ ಹಲ್ಲು ಕಡಿಯುತ್ತಾ ಹೇಳಿದರು. "ಎಡಕ್ಕೆ ನೋಡಿ! ಬಗ್ಗಿ, ಬಗ್ಗಿ! ಕೋವಿಗೆ ನೀವೇ ಅಡ್ಡ!"

ತಿರುಗಿದೆ. ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಕಾಡುಹುಂಜ! ಸದ್ದಿಲ್ಲದೆ ಬಂದು, ಅದೆಷ್ಟು ಹೊತ್ತಿನಿಂದ ನನ್ನನ್ನು ಪರಿಶೀಲಿಸುತ್ತಿತ್ತೋ. ಬಗ್ಗುವುದನ್ನೂ ಮರೆತು ಬಾಯಿ ತೆರೆದು ನೋಡಿದೆ. ಆಗ ಅದು ಹೆದರಿ ಹಾರಿಹೋಗಿದ್ದರೆ, ನಾನೂ ಒಬ್ಬ ಬೇಟೆಗಾರನೆಂದು ಹೇಳಿಕೊಳ್ಳಬಹುದಿತ್ತು.

ಹಾರಲಿಲ್ಲ. ಓಡಲೂ ಇಲ್ಲ. ಕತ್ತು ಕೊಂಕಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಅಲ್ಲೇ ಒಂದು ಹುಳು ಹೆಕ್ಕಿ ತಿಂದು, ಕೋವಿಗೆ ಅಡ್ಡವಾಗಿದ್ದ ನನ್ನ ಮರೆಯಲ್ಲೇ ನಿಧಾನವಾಗಿ ನಡೆದುಕೊಂಡು ಹೋಯಿತು!