ನಾರ್ವೆಗೆ ಹೊರಟಿದ್ದು ಪಕ್ಕದ ಮನೆಯಿಂದ

ಹಿಂದೂಪುರದ ನಮ್ಮ ಕಾಲೇಜಿನಲ್ಲಿ ಯಾವ ಕೆಲಸವೂ ಸೀದಾ ನಡೆದು ಮುಗಿದ ನೆನಪು ನನಗಿಲ್ಲ. ಒಂದು ಡಬ್ಬ ಚಾಕ್‌ಪೀಸು ತರಿಸಿದರೂ ಅದರ ಬೆನ್ನಿಗೆ ಒಂದು ಕಥೆ ಬಂದೇ ಬರುತ್ತದೆ. ಹಾಗಿರುವಾಗ ಒಬ್ಬ ಹುಡುಗಿಯನ್ನು ಒಂದು ಸೆಮಿಸ್ಟರ್ ಓದಲು ನಾರ್ವೆಗೆ ಕಳಿಸುವ ಕೆಲಸ ಸುಮ್ಮನೆ ಆದೀತೇ? ಆಗಲಿಲ್ಲ. ಈಗ ನೆನೆದರೆ ನಗು ಬರುತ್ತದೆ. ಆ ನಗುವಿಗೆ ಕಾರಣರಾದ ಪ್ರತಿಯೊಬ್ಬರಿಗೂ ಒಂದೊಂದು ನಮಸ್ಕಾರ ಹಾಕಬೇಕು ಎಂದೂ ಅನಿಸುತ್ತದೆ.

ಪಾಸ್‌ಪೋರ್ಟ್ ಇದ್ದವಳು

ನಮ್ಮ ಕಾಲೇಜು ಹೊರದೇಶದ ಒಂದು ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಮಾಡಿಕೊಂಡಿತ್ತು. ನಮ್ಮ ವಿದ್ಯಾರ್ಥಿಗಳು ಅಲ್ಲಿ ಒಂದು ಸೆಮಿಸ್ಟರ್ ಓದಬಹುದು, ಅಲ್ಲಿ ಪಾಸಾದ ವಿಷಯವನ್ನು ಇಲ್ಲಿಯ ವಿಷಯದ ಬದಲಿಗೆ ಲೆಕ್ಕಕ್ಕೆ ಹಿಡಿಯುತ್ತೇವೆ. ಯಾವುದಕ್ಕೆ ಯಾವುದು ಬದಲಿ ಎಂದು ಮೊದಲೇ ಕೂತು ಹೊಂದಿಸಲು ಒಬ್ಬರು ಬೇಕಾಗಿತ್ತು.

ಪ್ರಿನ್ಸಿಪಾಲರು ಸ್ಟಾಫ್ ರೂಮಿಗೆ ಬಂದು, ಫಾರಿನ್ ಅನುಭವ ಯಾರಿಗಿದೆ ಎಂದು ಕೇಳಿದರು. ಎಲ್ಲರೂ ತಮ್ಮ ತಮ್ಮ ಟೀ ಲೋಟದೊಳಕ್ಕೆ ನೋಡಿಕೊಂಡರು. ಹೋಗಲಿ, ಪಾಸ್‌ಪೋರ್ಟಾದರೂ ಯಾರಿಗಿದೆ ಎಂದರು. ನಾನು ಕೈ ಎತ್ತಿದೆ. ಸಿಂಗಪುರಕ್ಕೆ ಟೂರ್ ಹೋಗೋಣ ಎಂದು ನಮ್ಮ ಯಜಮಾನರು ಮಾಡಿಸಿದ್ದು ಅದು. ಆಮೇಲೆ ಟೂರು ತಿರುಪತಿಗೆ ಬದಲಾಯಿತು.

"ಯಾವ್ಯಾವ ದೇಶ ನೋಡಿದ್ದೀರಮ್ಮ?" ಎಂದರು ಪ್ರಿನ್ಸಿಪಾಲರು.

"ಯಾವುದೂ ಇಲ್ಲ ಸಾರ್. ಪಾಸ್‌ಪೋರ್ಟು ಬೀರುವಿನಲ್ಲೇ ಐತೆ."

"ಪರವಾಗಿಲ್ಲ ಬಿಡಮ್ಮ. ಒಪ್ಪಂದಾನೂ ನಮ್ಮ ಬೀರುವಿನಲ್ಲೇ ಐತೆ. ನೀವೇ ನೋಡ್ಕಳಿ."

ಜಾತಕ

ಮೊದಲು ಬಂದು ಕೇಳಿದವಳು ಕಲ್ಯಾಣದುರ್ಗದ ಒಬ್ಬ ಹುಡುಗಿ. ಬಿ.ಎಸ್ಸಿ. ಕೊನೆಯ ವರ್ಷಕ್ಕೆ ಕಾಲಿಡುತ್ತಿದ್ದಳು. ಅವಳ ಅಪ್ಪ ಕಡಲೆಕಾಯಿ ವ್ಯಾಪಾರಸ್ಥರು. ಅವರು ಫೋನಿನಲ್ಲೇ ಖಂಡಿತವಾಗಿ ಹೇಳಿಬಿಟ್ಟಿದ್ದರು: "ಹೋಗಿ ಬರ್ಲಿ ಮೇಡಂ, ನಂದೇನೂ ಅಡ್ಡಿ ಇಲ್ಲ. ಆದ್ರೆ ಒಂದು ವರ್ಷ ಹಾಳಾಗಂಗಿದ್ರೆ ಬ್ಯಾಡ್ವೇ ಬ್ಯಾಡ."

ವರ್ಷ ಹಾಳಾಗುವ ಅಪಾಯ ಇದ್ದದ್ದು ಒಂದೇ ವಿಷಯದಲ್ಲಿ, ಸಂಖ್ಯಾಶಾಸ್ತ್ರದಲ್ಲಿ. ಅದು ಕಡ್ಡಾಯ, ಮತ್ತು ನಮ್ಮಲ್ಲಿ ಅದನ್ನು ಹೇಳಿಕೊಡುವುದು ಅದೊಂದೇ ಸೆಮಿಸ್ಟರಿನಲ್ಲಿ. ನಾರ್ವೆಯಲ್ಲಿ ಅದಕ್ಕೆ ಹೊಂದುವ ಪಾಠ ಸಿಗದಿದ್ದರೆ ಹುಡುಗಿ ವಾಪಸ್ಸು ಬಂದು ಮುಂದಿನ ವರ್ಷದವರೆಗೆ ಕಾಯಬೇಕು.

ಅಲ್ಲಿ ಅಂಥದ್ದೊಂದು ಪಾಠ ಇತ್ತು. ಅದು ಹೊಂದುತ್ತದೋ ಇಲ್ಲವೋ ಹೇಳಬೇಕಾದವರು ನಮ್ಮ ಸಂಖ್ಯಾಶಾಸ್ತ್ರದ ಸಾರು. ಪಂಚಾಂಗ, ಶಕುನ ಎಂದರೆ ಮೂಗು ಮುರಿಯುವ ಮನುಷ್ಯ. ಅಂಥವರು ಎರಡೂ ಪಾಠಪಟ್ಟಿ ಮುಂದಿಟ್ಟುಕೊಂಡು ಕೂತರೆ ಥೇಟ್ ಜಾತಕ ನೋಡುವ ಗಂಡಿನ ಕಡೆಯ ಹಿರಿಯರೇ. ಇದು ಕೂಡಿಬರಲ್ಲ ಎಂದರು, ಅದು ಮಧ್ಯಮ ಎಂದರು, ಇನ್ನೊಂದರಲ್ಲಿ ದೋಷ ಇದೆ ಎಂದರು. ನಾನು ಹೆಣ್ಣಿನ ಕಡೆಯವಳ ಹಾಗೆ ಬಗ್ಗಿ ಕೂತು ಬೋಂಡಾ ತರಿಸಿಕೊಟ್ಟೆ. ಬೋಂಡಾ ಮುಗಿಯುವ ಹೊತ್ತಿಗೆ ದೋಷಗಳೆಲ್ಲ ಪರಿಹಾರವಾಗುತ್ತಾ ಬಂದಿದ್ದವು. ಅಷ್ಟರಲ್ಲಿ ಅವರ ಕಣ್ಣಿಗೆ ನಾರ್ವೆಯ ಪಾಠಪಟ್ಟಿಯ ಕೊನೆಯ ಸಾಲು ಬಿತ್ತು. ಪರೀಕ್ಷೆಗೆ ಸೂತ್ರಗಳನ್ನು ಬರೆದುಕೊಂಡ ಒಂದು ಹಾಳೆ ಒಳಗೆ ತರಬಹುದು ಎಂದಿತ್ತು.

ಸಾರು ಕನ್ನಡಕ ತೆಗೆದರು. "ಚೀಟಿ ತರೋಕೆ ಅವರೇ ಪರ್ಮಿಷನ್ ಕೊಡ್ತಾರಾ?"

ಅದು ಅಲ್ಲಿಯ ಪದ್ಧತಿ ಎಂದೆ. ಅವರು ಸಹಿ ಹಾಕಲು ಪೆನ್ನು ಕೈಗೆತ್ತಿಕೊಂಡರು. ಆದರೆ ಒಂದು ಷರತ್ತು ಇಟ್ಟರು. ನಮ್ಮ ಹುಡುಗಿ ಆ ಹಾಳೆ ಮುಟ್ಟಬಾರದು. ಅವಳು ಮುಟ್ಟಲ್ಲ ಎಂದು ನಾನು ಮಾತು ಕೊಟ್ಟ ಮೇಲೇ ಆ ಸಂಬಂಧ ಕುದುರಿತು.

ಪ್ರಾಕ್ಟಿಕಲ್

ಮನೆಯವರಿಗೆ ಎಲ್ಲವನ್ನೂ ಎದುರಿಗೆ ಕೂತು ಬಿಡಿಸಿ ಹೇಳೋಣ ಎಂದು ಒಂದು ಭಾನುವಾರ ಬಸ್ ಹಿಡಿದು ಕಲ್ಯಾಣದುರ್ಗಕ್ಕೆ ಹೋದೆ. ಆ ಮನೆಯ ಯಜಮಾನಿಕೆ ಅಜ್ಜಿಯದು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಊಟ ಆಗೋ ತನಕ ಓದಿನ ಮಾತು ಎತ್ತಬಾರದು ಎಂದರು. ರಾಗಿಮುದ್ದೆ, ಅವರೆಕಾಳಿನ ಸಾರು. ನಾನು ಎರಡನೇ ಮುದ್ದೆ ಹಾಕಿಸಿಕೊಂಡದ್ದು ನೋಡಿ, ಈಯಮ್ಮ ನಂಬಿಕಸ್ತೆ ಎಂದು ತೀರ್ಮಾನ ಕೊಟ್ಟರು. ನನ್ನ ಡಿಗ್ರಿಗಳಿಗೆ ಅಷ್ಟು ಮರ್ಯಾದೆ ಯಾವತ್ತೂ ಸಿಕ್ಕಿಲ್ಲ.

ಸಂಖ್ಯಾಶಾಸ್ತ್ರದ ಜೊತೆಗೆ ಅವಳು ಇಷ್ಟ ಬಂದ ಇನ್ನೊಂದು ವಿಷಯ ಆರಿಸಬಹುದು ಎಂದು ನಾನು ಬಾಯಿ ಬಿಟ್ಟದ್ದೇ ತಪ್ಪಾಯಿತು. ಮನೆಮಂದಿಯೆಲ್ಲ ಆರಿಸತೊಡಗಿದರು. ಅಪ್ಪನಿಗೆ ವ್ಯಾಪಾರಕ್ಕೆ ಬರುವಂಥದ್ದು ಬೇಕಿತ್ತು. ಪಕ್ಕದ ಮನೆಯಾಕೆಯೂ ಬಂದಿದ್ದರು, ಅವರಿಗೆ ಹೊಲಿಗೆ ಇದ್ದರೆ ಒಳ್ಳೆಯದಿತ್ತು. ಹುಡುಗಿಯನ್ನು ಯಾರೂ ಕೇಳಲಿಲ್ಲ. ಅವಳೇ ಮೆಲ್ಲಗೆ ಕೆಮ್ಮಿ, ತನಗೆ ಮೀನುಗಾರಿಕೆ ಇಷ್ಟ, ಆ ದೇಶ ಅದಕ್ಕೇ ಹೆಸರುವಾಸಿ ಎಂದಳು.

ತಲತಲಾಂತರದಿಂದ ಮೊಟ್ಟೆಯನ್ನೂ ಮುಟ್ಟದ ಮನೆ ಅದು. ಅಪ್ಪ ಅಜ್ಜಿಯ ಮುಖ ನೋಡಿದರು, ನಾನು ಬಾಗಿಲು ನೋಡಿದೆ. ಅಜ್ಜಿ ಸೆರಗು ಸರಿಮಾಡಿಕೊಂಡು ಹೇಳಿದರು: "ಓದ್ಬೇಕು ಅಂತ ಆಸೆ ಪಡ್ತಾಳೆ, ಓದ್ಲಿ ಕಣಮ್ಮ. ಪ್ರಾಕ್ಟಿಕಲ್ ಬ್ಯಾಡ."

ರಾಹುಕಾಲ

ಶನಿವಾರ ವಿಮಾನ. ಅದಕ್ಕೆ ಮುಂಚೆ, ಬುಧವಾರ, ಅಲ್ಲಿಯ ಪಾಠಗಳಿಗೆ ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಬೇಕು. ಅವರಿಗೆ ಬೆಳಗ್ಗೆ ಒಂಬತ್ತು, ನಮಗೆ ಮಧ್ಯಾಹ್ನ ಹನ್ನೆರಡೂವರೆ. ಸಂಖ್ಯಾಶಾಸ್ತ್ರಕ್ಕೆ ಸೀಟು ಕಡಿಮೆ, ತೆರೆದ ಸ್ವಲ್ಪ ಹೊತ್ತಿಗೆ ತುಂಬಿಹೋಗುತ್ತದೆ ಎಂದು ಅಲ್ಲಿಯವರೇ ಎಚ್ಚರಿಸಿದ್ದರು. ಸೀಟು ಸಿಗದಿದ್ದರೆ ಟಿಕೆಟ್ ಕ್ಯಾನ್ಸಲ್ ಎಂದು ಅಪ್ಪನೂ ಎಚ್ಚರಿಸಿದ್ದರು.

ಬುಧವಾರ ಬೆಳಗ್ಗೆ ಹುಡುಗಿ ಫೋನ್ ಮಾಡಿದಳು. "ಮ್ಯಾಮ್, ಲ್ಯಾಪ್‌ಟಾಪ್ ಮನೇಲಿಲ್ಲ. ಅಜ್ಜಿ ಪಸ್ತಾನ ಇಟ್ಬುಟ್ಟವ್ರೆ."

ಪಸ್ತಾನ ಅಂದರೆ ಪ್ರಸ್ಥಾನ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೆ ಮುಂಚಿನ ಒಂದು ಒಳ್ಳೆಯ ದಿನ ನೋಡಿ, ಪ್ರಯಾಣದ ಸಾಮಾನಿನಲ್ಲಿ ಒಂದನ್ನು ಪಕ್ಕದ ಮನೆಯಲ್ಲಿ ಇಟ್ಟು ಬರುತ್ತಾರೆ. ಅಲ್ಲಿಗೆ ಮನುಷ್ಯ ಹೊರಟ ಹಾಗೆ ಲೆಕ್ಕ. ಶನಿವಾರ ಸರಿಯಿಲ್ಲ, ಸೋಮವಾರ ಪ್ರಶಸ್ತ ಎಂದು ಪಂಚಾಂಗ ಹೇಳಿತ್ತು. ಓದಲು ಹೋಗುವವಳಿಗೆ ಓದುವ ಸಾಮಾನೇ ಇಡಬೇಕು ಎಂದು ಅಜ್ಜಿ ಲ್ಯಾಪ್‌ಟಾಪ್ ಚೀಲವನ್ನೇ ಇಟ್ಟು ಬಂದಿದ್ದರು. ಅದನ್ನು ಮತ್ತೆ ಮನೆಯೊಳಗೆ ತರುವ ಹಾಗಿಲ್ಲ. ತಂದರೆ ಪ್ರಯಾಣವೇ ವಾಪಸ್ಸು ಬಂದ ಹಾಗೆ. ಫೋನಿನಲ್ಲೂ ಆ ಪುಟ ತೆರೆಯುತ್ತಿತ್ತು, ಆದರೆ ಒತ್ತಬೇಕಾದ ಬಟನ್ ಮಾತ್ರ ಪರದೆಯ ಆಚೆಗೆ ಉಳಿಯುತ್ತಿತ್ತು.

ಸರಿ, ಪಕ್ಕದ ಮನೆಗೇ ಹೋಗಿ ಅಲ್ಲೇ ಕೂತು ಮಾಡು ಎಂದೆ. ಹುಡುಗಿ ಹೋದಳು, ಅವಳ ಹಿಂದೆ ಬೀದಿಯೂ ಹೋಯಿತು. ಹನ್ನೆರಡೂ ಕಾಲಿಗೆ ನಾನು ಸ್ಟಾಫ್ ರೂಮಿನಲ್ಲಿ ಫೋನಿನ ಸ್ಪೀಕರ್ ಹಾಕಿ ಕೂತೆ. ಎದುರಿಗೆ ಸಂಖ್ಯಾಶಾಸ್ತ್ರದ ಸಾರು ಮೊಸರನ್ನ ತಿನ್ನುತ್ತಿದ್ದರು. ಹನ್ನೆರಡೂವರೆಗೆ ಸರಿಯಾಗಿ ಪುಟ ತೆರೆಯಿತು, ಸೀಟು ಕಂಡಿತು. ಒತ್ತು ಎನ್ನುವಷ್ಟರಲ್ಲಿ ಅಜ್ಜಿಯ ದನಿ ಬಂತು.

"ಮುಟ್ಟಬ್ಯಾಡ. ಬುಧವಾರ ಹನ್ನೆರಡರಿಂದ ಒಂದೂವರೆ ಗಂಟ ರಾಹುಕಾಲ."

ನಾನು ಬೇಡಿಕೊಂಡೆ. ಒಂದೂವರೆಗೆ ಸೀಟೇ ಇರಲ್ಲ ಅಜ್ಜೀ ಎಂದೆ. ಅಪ್ಪನೂ ತೆಲುಗಿನಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ ಹೇಳಿ ನೋಡಿದರು. ಅಜ್ಜಿ ಎರಡೂ ಭಾಷೆಯಲ್ಲಿ ಒಪ್ಪಲಿಲ್ಲ. ಸೀಟು ಕಮ್ಮಿಯಾಗ್ತಾ ಐತೆ ಮ್ಯಾಮ್ ಎಂದು ಹುಡುಗಿ ಅಳುದನಿಯಲ್ಲಿ ಹೇಳುತ್ತಿದ್ದಳು. ಅವಳು ಒಂದು ವರ್ಷದಿಂದ ಕಟ್ಟಿಕೊಂಡ ಆಸೆ ನನ್ನ ಕಿವಿಯಲ್ಲೇ ಮುರಿಯುತ್ತಿತ್ತು.

ಸಾರು ಎಡಗೈಯಿಂದ ಫೋನನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಅಜ್ಜೀ, ನಾನು ಲೆಕ್ಕದ ಮೇಷ್ಟ್ರು. ಪಸ್ತಾನ ಯಾವತ್ತು ಇಟ್ರಿ?"

"ಸೋಮವಾರ ಕಣಪ್ಪ."

"ಅಂದ್ರೆ ಹುಡುಗಿ ಸೋಮವಾರನೇ ಹೊರಟಾಯ್ತು. ರಾಹುಕಾಲ ನೋಡೋದು ಹೊರಡೋರಿಗೆ. ದಾರಿಯಾಗೆ ಇರೋರಿಗೆ ಯಾಕಜ್ಜಿ?"

ಅಜ್ಜಿ, "ಈವಯ್ಯ ತಿಳಿದೋರು ಕಣ್ರೇ. ಬಲಗೈನಾಗೆ ಒತ್ತು ಮಗಾ" ಎಂದರು. ಹುಡುಗಿ ಒತ್ತಿದಳು. ಸೀಟು ಸಿಕ್ಕಿತು. ಫೋನಿನಲ್ಲಿ ಬೀದಿಯೇ ಚಪ್ಪಾಳೆ ತಟ್ಟಿತು.

ಇಂಥದ್ದನ್ನೆಲ್ಲ ನಂಬದ ನಿಮಗೆ ಇದು ಹೇಗೆ ಗೊತ್ತು ಸಾರ್ ಎಂದು ಕೇಳಿದೆ. ಅವರು ಮೊಸರನ್ನಕ್ಕೆ ವಾಪಸ್ಸಾಗಿ ಹೇಳಿದರು: "ಈ ಕೆಲಸದ ಇಂಟರ್‌ವ್ಯೂಗೆ ಹೊರಟಾಗ ನಮ್ಮಮ್ಮ ನನ್ನ ಸರ್ಟಿಫಿಕೇಟ್ ಚೀಲ ಪಕ್ಕದ ಮನೆಯಲ್ಲಿ ಪ್ರಸ್ಥಾನ ಇಟ್ಟಿದ್ದಳು. ನಾನದನ್ನು ಅಲ್ಲೇ ಮರೆತು ಬಂದೆ."

ವಾಪಸ್ಸು

ಹುಡುಗಿ ಹೋದಳು, ಓದಿದಳು, ಪಾಸಾಗಿ ಬಂದಳು. ವರ್ಷ ಹಾಳಾಗಲಿಲ್ಲ. ಸಂಖ್ಯಾಶಾಸ್ತ್ರದ ಪರೀಕ್ಷೆಗೆ ಬರಿಗೈಯಲ್ಲಿ ಹೋದಳಂತೆ. ಪಾಪ, ಹಾಳೆ ಮರೆತಿದ್ದಾಳೆ ಎಂದುಕೊಂಡು ಅಲ್ಲಿಯ ಮೇಷ್ಟ್ರೇ ಒಂದನ್ನು ತಂದುಕೊಟ್ಟರಂತೆ. ಇವಳು ಅದನ್ನು ಬೋರಲು ಹಾಕಿ ಅದರ ಮೇಲೆ ನೀರಿನ ಬಾಟಲಿ ಇಟ್ಟುಕೊಂಡು ಬರೆದಳು. ಇದನ್ನು ಕೇಳಿದ ದಿನ ನಮ್ಮ ಸಾರು ಇಡೀ ಸ್ಟಾಫ್ ರೂಮಿಗೆ ಬೋಂಡಾ ತರಿಸಿದರು. ಅವರ ಕಣ್ಣು ಒದ್ದೆಯಾಗಿತ್ತು, ಮೆಣಸಿನಕಾಯಿ ಖಾರ ಎಂದರು.

ಮುಂದಿನ ಭಾನುವಾರ ಅಜ್ಜಿ ಮೊಮ್ಮಗಳ ಜೊತೆ ನಮ್ಮ ಮನೆಗೇ ಬಂದರು. ಕಡಲೆಕಾಯಿ, ಬೆಲ್ಲ, ನನಗೊಂದು ಸೀರೆ. ನನ್ನ ಎರಡೂ ಕೈ ಹಿಡಿದುಕೊಂಡು, "ನಮ್ಮ ಕೂಸಿಗೆ ದಾರಿ ತೋರ್ಸಿದ್ರಿ. ನಿಮ್ಮ ಋಣ ದೊಡ್ಡದಮ್ಮ" ಎಂದರು. ಋಣ ನನ್ನದೇ ಅಜ್ಜೀ ಎಂದೆ. ಮುಖಸ್ತುತಿಗೆ ಹೇಳಿದ್ದಲ್ಲ. ನನ್ನ ನೌಕರಿಯಲ್ಲಿ ಅಷ್ಟು ಸಂತೋಷ ಕೊಟ್ಟ ಬುಧವಾರ ಇನ್ನೊಂದಿಲ್ಲ.

ಟೀ ಕುಡಿಯುತ್ತಾ, ನೀವು ಯಾವ್ಯಾವ ದೇಶಕ್ಕೆ ಹೋಗಿದ್ದೀರಿ ಎಂದು ಕೇಳಿದರು. ಇದ್ದದ್ದು ಹೇಳಿದೆ. ಅಜ್ಜಿಗೆ ತುಂಬಾ ಬೇಜಾರಾಯಿತು. ಊರವರ ಮಕ್ಕಳನ್ನೆಲ್ಲ ಕಳಿಸೋ ಹೆಣ್ಮಗಳು ತಾನು ಮನೆಯಲ್ಲೇ ಕೂತರೆ ಹೇಗೆ ಎಂದು, ಬೀರು ತೆಗೆಸಿ, ನನ್ನ ಪಾಸ್‌ಪೋರ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡರು. ಆವತ್ತು ದಿನ ಪ್ರಶಸ್ತವಂತೆ.

ಮಾರನೇ ದಿನ ಪ್ರಿನ್ಸಿಪಾಲರು ಮುಂದಿನ ಸಲ ನೀವೇ ಒಮ್ಮೆ ಹೋಗಿ ನೋಡಿ ಬನ್ನಿ, ಪಾಸ್‌ಪೋರ್ಟು ತಯಾರಿದೆಯಾ ಎಂದರು. ಅದು ಆಗಲೇ ಹೊರಟಿದೆ ಸಾರ್ ಎಂದೆ. ಎಲ್ಲಿಯವರೆಗೆ ಹೋಗಿದೆ ಎಂದು ಕೇಳಿದರು.

"ಸದ್ಯಕ್ಕೆ ಕಲ್ಯಾಣದುರ್ಗ ಸಾರ್. ಅಜ್ಜಿಯ ಪಕ್ಕದ ಮನೆ."