ಊದುಕೊಳವೆ ಹೇಳಿದ ಸಾಕ್ಷಿ

ಮನೆಯಲ್ಲಿ ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹಾಗಾಗಿ ಗ್ರಾಫಿನ ಮೊರೆ ಹೋದೆ. (ಕಟ್ಟಡಗಳ ನಕ್ಷೆ ಬರೆಯುವುದು ನನ್ನ ಹೊಟ್ಟೆಪಾಡು.)

ಒಂಬತ್ತು ವರ್ಷದ ಮಗಳು ಗುಬ್ಬಿಗೆ ಆಸ್ತಮಾ. ಶಾಲೆಯ ಓಟದ ಪಂದ್ಯಕ್ಕೆ ಹೆಸರು ಕೊಟ್ಟು ಕೂತಿದ್ದಳು. ಡಾಕ್ಟರಮ್ಮ ಉಸಿರಿನ ಬಲ ಅಳೆಯುವ ಒಂದು ಪ್ಲಾಸ್ಟಿಕ್ ಕೊಳವೆ ಕೊಟ್ಟು, "ಬೆಳಿಗ್ಗೆ, ಸಂಜೆ ಜೋರಾಗಿ ಊದಿಸಿ. ಮುಳ್ಳು ಎಲ್ಲಿಗೆ ಹೋಗಿ ನಿಲ್ಲತ್ತೋ ಆ ಅಂಕಿ ಬರೆದಿಡಿ. ಎರಡು ವಾರ ನೋಡಿ ಓಟದ ವಿಷಯ ಹೇಳ್ತೀನಿ" ಎಂದರು.

ಈ ಮಹತ್ಕಾರ್ಯವನ್ನು ನಾನೇ ವಹಿಸಿಕೊಂಡೆ. "ನೋಡು, ಹೀಗೆ" ಎಂದು ಮೊದಲು ನಾನು ಊದಿ ತೋರಿಸುವುದು, ಬಾಯಿ ಒರೆಸಿ ಅವಳ ಕೈಗೆ ಕೊಡುವುದು, ಅವಳು ಊದಿದ ಮೇಲೆ ಅಂಕಿ ಓದಿ ಗೀಟು ಎಳೆಯುವುದು. ಬೆಳಿಗ್ಗೆ ಇನ್ನೂರೆಂಬತ್ತು, ಸಂಜೆ ಇನ್ನೂರೈವತ್ತು. ನಾನು ಬೀಗಿಹೋದೆ.

"ರೀ, ಬೆಳಗಿನ ಜಾವ ಮಗು ಕೆಮ್ಮತ್ತೆ," ಎಂದಳು ಹೆಂಡತಿ.

"ಅಂಕಿ ಚೆನ್ನಾಗಿದೆಯಲ್ಲೇ! ಕೆಮ್ಮನ್ನ ಗ್ರಾಫಲ್ಲಿ ಎಲ್ಲಿ ಹಾಕಲಿ?"

"ನಿಮ್ಮ ತಲೆ ಮೇಲೆ ಹಾಕ್ಕೊಳ್ಳಿ."

ಎರಡು ವಾರ ಕಳೆಯಿತು. ಡಾಕ್ಟರಮ್ಮ ಗ್ರಾಫ್ ನೋಡಿ, "ಪರವಾಗಿಲ್ವೇ! ಎಲ್ಲಿ, ನನ್ನೆದುರು ಊದಿಸಿ" ಎಂದರು. ವಾಡಿಕೆಯಂತೆ ಮೊದಲು ನಾನು ಊದಿ ಗುಬ್ಬಿಗೆ ಕೊಟ್ಟೆ. ಡಾಕ್ಟರಮ್ಮ ನಡುವೆ ಕೈ ಹಾಕಿದರು.

"ಮುಳ್ಳನ್ನ ಸೊನ್ನೆಗೆ ಇಳಿಸಲ್ವಾ?"

"ಅದೇ ಇಳಿಯಲ್ವಾ?"

"ಇಲ್ಲ, ನೀವು ಊದಿದ ಕಡೆಯೇ ನಿಂತಿರತ್ತೆ," ಎಂದು ಅವರು ಬೆರಳಿನಿಂದ ಇಳಿಸಿದರು. ಗುಬ್ಬಿ ಊದಿದಳು. ನೂರಾ ತೊಂಬತ್ತು. ಮಗು ನಿಜವಾಗಿ ಕಷ್ಟಪಡುತ್ತಿತ್ತು, ನಾನು ಬಣ್ಣದ ಪೆನ್ನು ಹಿಡಿದು ಕೂತಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಹೆದರಬೇಡಿ, ಔಷಧಿ ಬದಲಾಯಿಸೋಣ. ಓಟಕ್ಕೆ ಇನ್ನೂ ಒಂದು ತಿಂಗಳಿದೆ," ಎಂದು ಡಾಕ್ಟರಮ್ಮ ಮತ್ತೆ ಗ್ರಾಫ್ ಎತ್ತಿಕೊಂಡರು. "ಅಂದ್ರೆ ಇದು ನಿಮ್ಮ ಅಂಕಿ. ನಿಮ್ಮ ಎತ್ತರಕ್ಕೆ ಐನೂರಾದ್ರೂ ಬರಬೇಕಿತ್ತು. ಸಿಗರೇಟಾ?"

"ಬಿಟ್ಟು ಮೂರು ವರ್ಷ ಆಯ್ತು ಡಾಕ್ಟ್ರೇ," ಎಂದಳು ಹೆಂಡತಿ ಹೆಮ್ಮೆಯಿಂದ. ಆಮೇಲೆ ಗ್ರಾಫಿನತ್ತ ಬಗ್ಗಿದಳು. ನಾನು ಬರೆದದ್ದನ್ನು ಅವಳು ಅಷ್ಟು ಶ್ರದ್ಧೆಯಿಂದ ನೋಡಿದ್ದು ಅದೇ ಮೊದಲು.

"ರೀ, ಆಫೀಸಿರೋ ದಿನ ಮಾತ್ರ ಸಂಜೆ ಯಾಕೆ ಇಳಿದಿದೆ? ಭಾನುವಾರ ಇಳಿದೇ ಇಲ್ಲ?"

(ಆಫೀಸಿನ ತಾರಸಿಯಲ್ಲಿ ಕದ್ದು ಸೇದುವ ವಿಷಯ ನನಗೆ ಮಾತ್ರ ಗೊತ್ತಿರಲಿ ಎಂದುಕೊಂಡಿದ್ದೆ.)

ತಿಂಗಳ ನಂತರ ಗುಬ್ಬಿ ಓಡಿದಳು. ಐದನೆಯವಳಾಗಿ ಬಂದಳು, ಕೆಮ್ಮಲಿಲ್ಲ. ಈಗ ಫ್ರಿಜ್ಜಿನ ಬಾಗಿಲ ಮೇಲೆ ಎರಡು ಗ್ರಾಫ್ ಇವೆ. ಎರಡನ್ನೂ ಹೆಂಡತಿಯೇ ಬರೆಯುತ್ತಾಳೆ. ಆಫೀಸಿನಿಂದ ಬಂದು ಚಪ್ಪಲಿ ಬಿಡುವುದಕ್ಕೂ ಪುರುಸೊತ್ತಿಲ್ಲ, ಗುಬ್ಬಿ ಕೊಳವೆ ಹಿಡಿದು ಬಾಗಿಲಲ್ಲೇ ನಿಂತಿರುತ್ತಾಳೆ.

"ಮುಳ್ಳು ಇಳಿಸಿದ್ದೀನಿ ಅಪ್ಪ. ಊದು."